ಅಡಿಕೆ ಮರ, ಬಿದಿರು, ಕಾರ್ಬನ್ ದೋಟಿ: ಮೂರರ ಲೆಕ್ಕವೂ ಒಂದೇನಾ?

ಸಂಕದಾಚೆ

ತೋಟದವರ ಗುಂಪುಗಳಲ್ಲಿ ಈಗ ಎಲ್ಲಿ ನೋಡಿದ್ರೂ ಕಾರ್ಬನ್ ಫೈಬರ್ ದೋಟಿಯದ್ದೇ (ತುದಿಗೆ ಕತ್ತಿ ಕಟ್ಟುವ ಉದ್ದ ಕೋಲು) ಸುದ್ದಿ. ಮರ ಹತ್ತಿ ಅಡಿಕೆ ಕೊನೆ (ಗೊನೆ) ಇಳಿಸುವ ಕೊನೆಗಾರರು ಸಿಗದ ಕಾಲ. ನೆಲದ ಮೇಲೆ ನಿಂತೇ ಕೊನೆ ಇಳಿಸಬಹುದು, ಕೊಳೆರೋಗಕ್ಕೆ ಔಷಧಿ ಹೊಡೆಯಬಹುದು ಅಂದಮೇಲೆ ಸುದ್ದಿ ಆಗದೆ ಇರುತ್ತಾ. ಆದರೆ ಬೆಲೆ, ಉದ್ದ, ಸಬ್ಸಿಡಿ ಬಿಟ್ಟರೆ ಅದು ಯಾಕೆ ಬಾಗದೆ ನಿಲ್ಲುತ್ತೆ, ಯಾಕೆ ಮುರಿಯುತ್ತೆ ಅನ್ನೋ ಚರ್ಚೆ ಕಾಣಲಿಲ್ಲ. ದೋಟಿ, ಬಿದಿರು, ಅಡಿಕೆ ಮರ ಮೂರಕ್ಕೂ ಎದುರಾದದ್ದು ಒಂದೇ ಸಮಸ್ಯೆ: ಕಡಿಮೆ ಸಾಮಗ್ರಿಯಲ್ಲಿ ಬಹಳ ಎತ್ತರಕ್ಕೆ ಹೋಗಿ ನೆಟ್ಟಗೆ ನಿಲ್ಲೋದು.

ಲೆಕ್ಕ ಇಷ್ಟು. ಕೋಲು ಬಾಗಿದಾಗ ಒಂದು ಮಗ್ಗುಲು ಹಿಗ್ಗುತ್ತೆ, ಎದುರು ಮಗ್ಗುಲು ಕುಗ್ಗುತ್ತೆ. ನಟ್ಟನಡುವಿನ ಸಾಮಗ್ರಿ ಸುಮ್ಮನೆ ಕೂತಿರುತ್ತೆ, ತೂಕ ಮಾತ್ರ ಕೊಡುತ್ತೆ. 40 ಮಿ.ಮೀ. ವ್ಯಾಸದ ಗಟ್ಟಿ ಕೋಲು ತಗೊಳ್ಳಿ. ಅಷ್ಟೇ ಸಾಮಗ್ರಿಯಲ್ಲಿ ಹೊರವ್ಯಾಸ 50, ಒಳವ್ಯಾಸ 30 ಮಿ.ಮೀ. ಇರುವ ಕೊಳವೆ ಮಾಡಿದರೆ ಬಾಗುವಿಕೆಗೆ ಅದರ ಪೆಡಸು (ಬಾಗದೆ ತಡೆಯುವ ಗುಣ) 2.1 ಪಟ್ಟು. ಹೊರಗೆ 58, ಒಳಗೆ 42 ಮಾಡಿದರೆ 3.2 ಪಟ್ಟು. ತೂಕ ಮೂರಕ್ಕೂ ಒಂದೇ. ಹಕ್ಕಿಯ ಮೂಳೆ, ಜೊಂಡಿನ ದಂಟು ಟೊಳ್ಳಾಗಿರೋದು ಇದಕ್ಕೇ ಅಂತ ಗೆಲಿಲಿಯೋ 1638ರಲ್ಲೇ ಬರೆದಿದ್ದ.

ಪೆಡಸು ಬೇರೆ, ಬಲ (ಮುರಿಯದೆ ತಡೆಯುವ ಗುಣ) ಬೇರೆ ಅನ್ನೋದು ನೆನಪಿರಲಿ. ದೋಟಿಗೆ ಮೊದಲು ಬೇಕಾದ್ದು ಪೆಡಸು. ತುದಿ ಓಲಾಡಿದರೆ ಕತ್ತಿ ಕೊನೆಯ ಬುಡಕ್ಕೆ ಕೂರೋದೇ ಇಲ್ಲ.

ಹಾಳೆಟೊಪ್ಪಿ

ಹಾಗಾದ್ರೆ ಗೋಡೆಯನ್ನ ತೆಳು ಮಾಡ್ತಾ, ಅಡ್ಡಗಲ ಹೆಚ್ಚಿಸ್ತಾ ಹೋದ್ರೆ ಆಯ್ತಲ್ಲ ಮಾರಾಯ್ರೆ? ಎಲ್ಲಿಗೆ ನಿಲ್ಲಿಸೋದು?

ಗರಗಸ

ಅಲ್ಲೇ ಪೆಟ್ಟು ಬೀಳೋದು. ತೆಳು ಗೋಡೆಯ ಕೊಳವೆ ಬಾಗಿದಾಗ ಅದರ ಅಡ್ಡಕೊಯ್ತ ವೃತ್ತವಾಗಿ ಉಳಿಯೋದಿಲ್ಲ. ಚಪ್ಪಟೆಯಾಗುತ್ತೆ, ಚಪ್ಪಟೆಯಾದಷ್ಟೂ ಪೆಡಸು ಇಳಿಯುತ್ತೆ, ಪೆಡಸು ಇಳಿದಷ್ಟೂ ಇನ್ನೂ ಬಾಗುತ್ತೆ. ಒಂದು ಹಂತದಲ್ಲಿ ಒಳಮಗ್ಗುಲಲ್ಲಿ ಟಕ್ ಅಂತ ಮಡಿಕೆ ಬಿದ್ದು ಕತೆ ಮುಗೀತು. ಪೈಪು ಬಗ್ಗಿಸುವಾಗ ಒಳಗೆ ಮರಳು ತುಂಬೋದು ಅಥವಾ ಸ್ಪ್ರಿಂಗ್ ಹಾಕೋದು ಈ ಚಪ್ಪಟೆಯಾಗುವಿಕೆಯನ್ನ ತಡೆಯೋಕೆ.

ಬಿದಿರು ಮರಳು ತುಂಬೋದಿಲ್ಲ, ಗೆಣ್ಣು ಹಾಕುತ್ತೆ. ಪ್ರತಿ ಗೆಣ್ಣಿನ ಒಳಗೂ ಒಂದು ಅಡ್ಡಪರದೆ ಇರುತ್ತಲ್ಲ, ಅದು ಕೊಳವೆ ಚಪ್ಪಟೆಯಾಗದ ಹಾಗೆ ಹಿಡಿಯುತ್ತೆ. ಬುಡದಲ್ಲಿ ಗೆಣ್ಣುಗಳು ಒತ್ತೊತ್ತಾಗಿ, ನಡುವೆ ದೂರ ದೂರ, ತುದಿಯಲ್ಲಿ ಮತ್ತೆ ಹತ್ತಿರ. ಬಾಗುವ ಒತ್ತಡ ಅತಿ ಹೆಚ್ಚಿರೋದು ಬುಡದಲ್ಲಿ, ಪರದೆಯೂ ಅಲ್ಲೇ ಹೆಚ್ಚು. ವಿಮಾನದ ಒಡಲಿನಲ್ಲಿ ತೆಳು ತಗಡಿನ ಒಳಗೆ ಸುತ್ತಲೂ ಚೌಕಟ್ಟು ಕೂರಿಸೋದು ಇದೇ ಕೆಲಸಕ್ಕೆ.

ಇನ್ನೊಂದು ವಿಷಯ. ಬಿದಿರು ಗಳವನ್ನ ಅಡ್ಡ ಕೊಯ್ದು ಅಂಚು ನೋಡಿ. ನಾರಿನ ಕಂದು ಚುಕ್ಕಿಗಳು ಹೊರಸಿಪ್ಪೆ ಕಡೆ ಕಿಕ್ಕಿರಿದಿರುತ್ತವೆ, ಒಳಗೆ ಹೋದ ಹಾಗೆ ವಿರಳ. ಅಂದ್ರೆ ಟೊಳ್ಳು ಮಾಡಿದ್ದು ಸಾಲದು ಅಂತ ಇರೋ ಗೋಡೆಯಲ್ಲೂ ಒಳ್ಳೆ ಸಾಮಗ್ರಿಯನ್ನ ಹೊರಗೇ ಇಟ್ಟಿದೆ. ಹಾಗಾಗಿ ದೋಟಿಗೆ ತಂದ ಬಿದಿರಿನ ಹೊರಮೈ ಹೆರೆದು ನುಣುಪು ಮಾಡೋದು ತಪ್ಪು ಕೆಲಸ. ಗೆಣ್ಣಿನ ಮುಳ್ಳು, ಕವಲು ಮಾತ್ರ ಸವರಿ. ಹಸಿರು ಸಿಪ್ಪೆ ಹೆರೆದು ತೆಗೆದದ್ದೇ ಅದರ ಅತಿ ಗಟ್ಟಿ ಭಾಗ.

ಸಂಕದಾಚೆ

ಗರಗಸ ಹೇಳಿದ್ದಕ್ಕೆ ಒಂದು ಸೇರಿಕೆ. ನಾರೆಲ್ಲ ಉದ್ದಕ್ಕೇ ಓಡೋದರಿಂದ ಬಿದಿರಿನ ದೊಡ್ಡ ದೌರ್ಬಲ್ಯ ಸೀಳೋದು. ಉದ್ದಕ್ಕೆ ಎಳೆದರೆ ಜಗ್ಗದ ಗಳ ಅಡ್ಡಕ್ಕೆ ಒಂದು ಮೊಳೆ ಹೊಡೆದರೆ ಬಿಚ್ಚಿಕೊಳ್ಳುತ್ತೆ. ದೋಟಿ ತುದಿಗೆ ಕತ್ತಿ ಕಟ್ಟುವಾಗ:

ಗಳವನ್ನ ಗೆಣ್ಣಿನಿಂದ ಒಂದೆರಡು ಬೆರಳು ಮೇಲೆ ಕತ್ತರಿಸಿ, ಗೆಣ್ಣು ತುದಿಗೆ ಹತ್ತಿರ ಇರಲಿ. ಮೊಳೆ ಬೇಡ. ತೂತು ಬೇಕೇಬೇಕು ಅಂದ್ರೆ ಡ್ರಿಲ್‌ನಲ್ಲಿ ಕೊರೆದು, ಅದರ ಎರಡೂ ಕಡೆ ತಂತಿ ಸುತ್ತಿ ಬಿಗಿ ಮಾಡಿ. ಸುತ್ತಿದ ತಂತಿ ಬರೀ ಕತ್ತಿಯನ್ನ ಹಿಡಿಯೋಕಲ್ಲ, ಬಿದಿರು ಸೀಳದ ಹಾಗೆ ಸುತ್ತಲಿಂದ ಒತ್ತೋಕೆ.

ಅಗ್ಗದ ಕಾರ್ಬನ್ ಕೊಳವೆಗೂ ಇದೇ ಕಾಯಿಲೆ. ನಾರನ್ನೆಲ್ಲ ಉದ್ದಕ್ಕೇ ಹಾಕಿದ್ರೆ ಮೊದಲ ದಿನ ಬಹಳ ಪೆಡಸು, ಕ್ಲಾಂಪ್ ಬಿಗಿ ಮಾಡಿದ ದಿನ ಉದ್ದಕ್ಕೆ ಬಿರುಕು. ಒಳ್ಳೆ ಕೊಳವೆಯಲ್ಲಿ ಒಂದು ಪಾಲು ನಾರು ಅಡ್ಡ ಸುತ್ತಿರುತ್ತೆ ಅಥವಾ ಓರೆಯಾಗಿ ನೇಯ್ದಿರುತ್ತೆ. ಉದ್ದದ ಪೆಡಸು ಅಷ್ಟರಮಟ್ಟಿಗೆ ಇಳಿದರೂ ಆ ನಷ್ಟ ಒಪ್ಪಿಕೊಳ್ಳಲೇಬೇಕು.

ಬೇರುಮೂಲ

ಅಡಿಕೆ ಮರದ ಮಾತು ಬಿಟ್ಟೇ ಹೋಯ್ತಲ್ಲ. ಅದು ಟೊಳ್ಳಲ್ಲ. ಆದರೆ ಅಡಿಕೆ ಮರದಿಂದ ದಬ್ಬೆ (ಉದ್ದ ಪಟ್ಟಿ) ಸೀಳಿದವರಿಗೆಲ್ಲ ಗೊತ್ತು, ಹೊರಗೆ ಕಬ್ಬಿಣದ ಹಾಗಿರುವ ಪದರ, ಒಳಗೆ ಕೈಯಲ್ಲೇ ಕೀಳಬಹುದಾದ ಮೆತ್ತನೆ ತಿರುಳು. ತಿರುಳು ತೆಗೆದುಹಾಕಿಯೂ ದಬ್ಬೆ ಗಟ್ಟಿಯಾಗಿರೋದು ಕೆಲಸವೆಲ್ಲ ಹೊರಪದರದ್ದೇ ಆಗಿರೋದರಿಂದ.

ಹಲಸು, ಹೊನ್ನೆಯಂಥ ಮರಗಳಿಗೆ ತೊಗಟೆಯ ಕೆಳಗೆ ಬೆಳೆಯುವ ಪದರ ಇದೆ, ವರ್ಷ ವರ್ಷ ದಪ್ಪ ಆಗುತ್ತವೆ. ಗಾಳಿ ಹೆಚ್ಚು ತಿನ್ನುವ ಕಡೆ ಹೆಚ್ಚು ಮರ ಹಾಕುತ್ತವೆ, ಗಾಯವಾದರೆ ಅಂಚಿನಿಂದ ಮುಚ್ಚಿಕೊಳ್ಳುತ್ತವೆ. ಅಡಿಕೆಗೆ ಆ ಪದರವೇ ಇಲ್ಲ. ಕಾಂಡದ ಸುತ್ತಳತೆ ಸುಳಿಯ ಹತ್ತಿರ ಇದ್ದಾಗಲೇ ನಿರ್ಧಾರ ಆಗಿಬಿಡುತ್ತೆ. 10ರಿಂದ 15 ಸೆಂ.ಮೀ. ದಪ್ಪದ ಕಾಂಡದ ಮೇಲೆ 15 ಮೀಟರ್, ಕೆಲವೊಮ್ಮೆ 20 ಮೀಟರ್ ಎತ್ತರ. ತನ್ನ ತೂಕಕ್ಕೇ ಕಂಬ ಬಾಗಬಾರದು ಅಂದ್ರೆ ಎತ್ತರ ದುಪ್ಪಟ್ಟಾದಾಗ ದಪ್ಪ ಸುಮಾರು 2.8 ಪಟ್ಟು ಆಗಬೇಕು. ಗ್ರೀನ್‌ಹಿಲ್ ಅನ್ನುವ ಗಣಿತಜ್ಞ 1881ರಲ್ಲಿ ಕೊಟ್ಟ ಲೆಕ್ಕ ಇದು. ದಪ್ಪ ಆಗಲಾರದ ತಾಳೆ ಜಾತಿಯ ಮರಗಳು ಬೇರೆ ದಾರಿ ಹಿಡಿದಿವೆ: ಮೊದಲೇ ಎತ್ತರಕ್ಕೆ ಬೇಕಾದ್ದಕ್ಕಿಂತ ದಪ್ಪಗೆ ಶುರು ಮಾಡೋದು, ಆಮೇಲೆ ಬುಡದ ಕಡೆಯ ಹೊರನಾರಿನ ಕೋಶಗೋಡೆಗಳನ್ನ ವರ್ಷ ವರ್ಷ ಗಟ್ಟಿ ಮಾಡ್ತಾ ಹೋಗೋದು. ಅಳತೆ ಬದಲಾಗದೆ ಸಾಮಗ್ರಿ ಬದಲಾಗುತ್ತೆ.

ಈಗ ತೋಟಕ್ಕೆ ಬೇಕಾದ ಮಾತು. 14 ಸೆಂ.ಮೀ. ಕಾಂಡದಲ್ಲಿ ಹೊರಗಿನ 1.4 ಸೆಂ.ಮೀ. ಪದರ ಮಾತ್ರ ಲೆಕ್ಕ ಹಾಕಿ. ಅಡ್ಡಕೊಯ್ತದ ವಿಸ್ತೀರ್ಣದಲ್ಲಿ ಅದರ ಪಾಲು ಶೇ. 36. ಪೆಡಸಿನಲ್ಲಿ ಅದರ ಪಾಲು ಶೇ. 59, ಅದೂ ಇಡೀ ಕಾಂಡ ಒಂದೇ ಸಾಮಗ್ರಿ ಅಂದುಕೊಂಡರೆ. ಹೊರಗೇ ನಾರು ಹೆಚ್ಚಿರೋದರಿಂದ ನಿಜವಾದ ಪಾಲು ಇನ್ನೂ ಜಾಸ್ತಿ. ನೈಋತ್ಯದ ಬಿಸಿಲು ಸುಡೋದು ಇದೇ ಪದರವನ್ನ. ಮೊದಲು ಹಳದಿ ಕಲೆ, ಆಮೇಲೆ ಕಂದು, ಆಮೇಲೆ ಉದ್ದ ಸೀಳು, ಸೀಳಿನೊಳಗೆ ಕೊಳೆತ. ತಲೆ ಹಸಿರಾಗೇ ಇರುತ್ತೆ, ಮಳೆಗಾಲದ ಮೊದಲ ಗಾಳಿಗೆ ಮರ ಆ ಸೀಳಿನಲ್ಲೇ ಮುರಿಯುತ್ತೆ. "ಇಷ್ಟು ಚೆನ್ನಾಗಿದ್ದ ಮರ ಎಂತಕ್ಕೆ ಮುರೀತು" ಅಂತ ಕೇಳುವವರು ಕಾಂಡದ ಪಡುವಣ ಮಗ್ಗುಲು ನೋಡಿರೋದಿಲ್ಲ.

ಗಾಯ ಮುಚ್ಚಿಕೊಳ್ಳದ ಮರ ಆದ್ದರಿಂದ ತಡೆಯೋದೊಂದೇ ದಾರಿ. ಹೊಸ ತೋಟದಲ್ಲಿ 2.7 ಮೀಟರ್ ಅಂತರದ ಸಾಲುಗಳನ್ನ ಸರಿಯಾಗಿ ಉತ್ತರ-ದಕ್ಷಿಣ ಇಡದೆ 35 ಡಿಗ್ರಿ ಪಡುವಣಕ್ಕೆ ಓರೆ ಮಾಡಿ ನೆಡೋದು ಶಿಫಾರಸು. ಹಾಗೆ ಮಾಡಿದರೆ ಮಧ್ಯಾಹ್ನದ ಮೇಲಿನ ಬಿಸಿಲಿಗೆ ಒಂದು ಮರದ ನೆರಳು ಇನ್ನೊಂದರ ಕಾಂಡಕ್ಕೆ ಸಿಗುತ್ತೆ. ಇದ್ದ ತೋಟದಲ್ಲಿ ದಕ್ಷಿಣ, ಪಡುವಣ ಅಂಚಿನ ಸಾಲಿಗೆ ಸುಣ್ಣ ಬಳಿಯಿರಿ, ಅಥವಾ ಸೋಗೆ, ಹಾಳೆ ಕಟ್ಟಿ. ಅಂಚಿನಲ್ಲಿ ಬೇಗ ಬೆಳೆಯುವ ನೆರಳಿನ ಮರ ಇದ್ದರೆ ಇನ್ನೂ ವಾಸಿ.

ಭದ್ರಾ ವರ್ಕ್‌ಶಾಪ್

ಚರ್ಚೆ ಚೆನ್ನಾಗಿದೆ, ಆದರೆ "ಪ್ರಕೃತಿಯ ವಿನ್ಯಾಸವೇ ಪರಿಪೂರ್ಣ" ಅನ್ನುವ ಕಡೆ ಜಾರೋದು ಬೇಡ. ಬೇರುಮೂಲ ಅವರ ಅಡಿಕೆಯೇ ಸಾಕ್ಷಿ. ಗಾಯ ಮುಚ್ಚಲಾರದ ಕಂಬವನ್ನ ಯಾವ ಎಂಜಿನಿಯರೂ ಬೇಕು ಅಂತ ಆರಿಸೋದಿಲ್ಲ. ಜೀವಿಗೆ ತನ್ನ ವಂಶದಲ್ಲಿ ಬಂದದ್ದನ್ನೇ ತಿದ್ದಿಕೊಂಡು ಹೋಗಬೇಕು, ಬೆಳೆಯುವಾಗಲೂ ಬದುಕಿರಬೇಕು. ನಮಗೆ ಹಳೆಯದನ್ನ ಗುಜರಿಗೆ ಹಾಕಿ ಹೊಸದಾಗಿ ಶುರು ಮಾಡುವ ಸೌಲಭ್ಯ ಇದೆ.

ಸೂತ್ರ ಒಂದೇ ಇದ್ದು ಉತ್ತರ ತಲೆಕೆಳಗಾಗೋದೂ ಉಂಟು. ಕರೆಂಟಿನ ಕಾಂಕ್ರೀಟ್ ಕಂಬದ ಒಳಗೆ ಉಕ್ಕಿನ ತಂತಿಗಳನ್ನ ಮೊದಲೇ ಎಳೆದು ಬಿಗಿ ಮಾಡಿ ಕಾಂಕ್ರೀಟ್ ಹಾಕಿರುತ್ತಾರೆ. ತಂತಿ ಬಿಟ್ಟಮೇಲೆ ಕಾಂಕ್ರೀಟ್ ಒತ್ತಡದಲ್ಲಿ ಇರುತ್ತೆ. ಕಾಂಕ್ರೀಟಿಗೆ ಎಳೆತ ಆಗೋದಿಲ್ಲ, ಹಾಗಾಗಿ ಗಾಳಿ ಎಳೆಯೋದಕ್ಕೆ ಮೊದಲೇ ಒತ್ತಿಟ್ಟದ್ದು. ಹಲಸು, ಹೊನ್ನೆಯಂಥ ದಪ್ಪ ಆಗುವ ಮರ ಇದರ ಉಲ್ಟಾ. ಮರದ ನಾರು ಎಳೆತಕ್ಕೆ ಗಟ್ಟಿ, ಒತ್ತಡಕ್ಕೆ ಅದರ ಅರ್ಧದಷ್ಟು ಮಾತ್ರ. ಅದಕ್ಕೇ ಮರ ಹೊಸದಾಗಿ ಹಾಕುವ ಹೊರಪದರವನ್ನ ಎಳೆತದಲ್ಲಿಟ್ಟು, ಒಳಗಿನ ತಿರುಳನ್ನ ಒತ್ತಿ ಇಟ್ಟುಕೊಳ್ಳುತ್ತೆ. ಗಾಳಿಗೆ ಬಾಗಿದಾಗ ಒತ್ತಡ ಬೀಳುವ ಮಗ್ಗುಲಿಗೆ ಮೊದಲೇ ಇದ್ದ ಎಳೆತ ಕಳೆಯುವ ತನಕ ರಕ್ಷಣೆ.

ನೀಲಗಿರಿ ದಿಮ್ಮಿ ಕೊಯ್ದ ಕೂಡಲೇ ತುದಿ ನಕ್ಷತ್ರದ ಹಾಗೆ ಸೀಳೋದು, ಸಾಮಿಲ್ಲಿನಲ್ಲಿ ಹಲಗೆ ಗರಗಸ ದಾಟುತ್ತಿದ್ದಂತೆ ಬಿಲ್ಲಿನ ಹಾಗೆ ಬಾಗೋದು ಈ ಒಳಗಿನ ಎಳೆದಾಟ ಬಿಡುಗಡೆಯಾದಾಗ. ಒಣಗಿದ್ದು ಸಾಲದು ಅಂತ ಬೈದು ಪ್ರಯೋಜನ ಇಲ್ಲ, ಹಸಿ ದಿಮ್ಮಿಯೇ ಹಾಗೆ. ಎರಡೂ ಕಡೆಯಿಂದ ಸಮಸಮವಾಗಿ ಕೊಯ್ದು, ನಡುವಿನ ತಿರುಳು ಒಂದೇ ಹಲಗೆಯೊಳಗೆ ಬರುವ ಹಾಗೆ ನೋಡಿಕೊಂಡರೆ ಬಾಗೋದು ಕಡಿಮೆ.

ಹಾಳೆಟೊಪ್ಪಿ

ಗೆದ್ದಲ ಹುತ್ತ ನೋಡಿ ಜಿಂಬಾಬ್ವೆಯ ಹರಾರೆಯಲ್ಲಿ ಎಸಿ ಇಲ್ಲದ ಕಟ್ಟಡ ಕಟ್ಟಿದ್ದು ಪ್ರಕೃತಿಯ ನಕಲು ತಾನೆ? ಅದಕ್ಕೆ ಏನಂತೀರಿ?

ಭದ್ರಾ ವರ್ಕ್‌ಶಾಪ್

1996ರ ಈಸ್ಟ್‌ಗೇಟ್ ಕಟ್ಟಡ. ಒಳ್ಳೆ ಕಟ್ಟಡವೇ, ಆದರೆ ನಕಲು ಮಾಡಿದ್ದು ಹುತ್ತದ ಬಗ್ಗೆ ಆಗ ಇದ್ದ ಕಲ್ಪನೆಯನ್ನ: ಒಳಗಿನ ಬಿಸಿಗಾಳಿ ಚಿಮಣಿಯಲ್ಲಿ ಏರಿ ಹೋಗುತ್ತೆ, ಕೆಳಗಿನಿಂದ ತಂಪುಗಾಳಿ ಬರುತ್ತೆ ಅಂತ. ದಕ್ಷಿಣ ಭಾರತದ ಗೆದ್ದಲು ಹುತ್ತಗಳಲ್ಲೇ ಅಳತೆ ಮಾಡಿ 2015ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಹುತ್ತ ನಡೆಯೋದು ಹಗಲು ರಾತ್ರಿಯ ಬಿಸಿ ವ್ಯತ್ಯಾಸದ ಮೇಲೆ. ಹಗಲು ಹೊರಗಿನ ತೆಳು ಏಣುಗಳು ಬೇಗ ಕಾದು ಗಾಳಿ ಅಲ್ಲಿ ಮೇಲೆ, ನಡುವಿನ ಕೊಳವೆಯಲ್ಲಿ ಕೆಳಗೆ. ರಾತ್ರಿ ಏಣು ಮೊದಲು ತಣ್ಣಗಾಗಿ ಸುತ್ತು ತಿರುಗುತ್ತೆ. ಅದರ ಮುಖ್ಯ ಕೆಲಸ ಒಳಗಿನ ಕೆಟ್ಟ ಗಾಳಿ ಹೊರಹಾಕೋದು, ತಂಪು ಮಾಡೋದಲ್ಲ. ಹರಾರೆಯ ಕಟ್ಟಡ ರಾತ್ರಿಯ ತಂಪನ್ನ ಕಾಂಕ್ರೀಟಿನಲ್ಲಿ ಹಿಡಿದಿಟ್ಟುಕೊಂಡು ನಡೆಯುತ್ತೆ, ಫ್ಯಾನುಗಳೂ ಇವೆ. ಹೋಲಿಕೆ ತಪ್ಪಿದ್ದರೂ ಕಟ್ಟಡ ಸರಿ ಇದೆ, ಅದೊಂದು ತಮಾಷೆ.

ಗರಗಸ

ದೋಟಿಗೆ ವಾಪಸ್ ಬರೋಣ. ಸಾಮಗ್ರಿಯ ಹೋಲಿಕೆ ಹಾಕಿ ನೋಡಿದೆ. ಸಾಂದ್ರತೆ ನೀರಿಗೆ ಹೋಲಿಸಿ, ಪೆಡಸಿನ ಗುಣಾಂಕ ಜಿಗಾ ಪ್ಯಾಸ್ಕಲ್‌ನಲ್ಲಿ: ಉಕ್ಕು 7.85, 200. ಅಲ್ಯೂಮಿನಿಯಂ 2.7, 70. ಒಣ ಬಿದಿರು ಸುಮಾರು 0.7, 15. ಉದ್ದ ನಾರಿನ ಕಾರ್ಬನ್ ಸುಮಾರು 1.6, 130.

ಹಗುರವಾದ, ಬಾಗದ ಕೋಲು ಬೇಕಾದಾಗ ಗುಣಾಂಕದ ವರ್ಗಮೂಲವನ್ನ ಸಾಂದ್ರತೆಯಿಂದ ಭಾಗಿಸಿ ನೋಡೋದು ವಾಡಿಕೆ, ಹೆಚ್ಚು ಬಂದಷ್ಟೂ ಒಳ್ಳೆಯದು. ಉಕ್ಕಿಗೆ 1.8, ಅಲ್ಯೂಮಿನಿಯಂಗೆ 3.1, ಬಿದಿರಿಗೆ 5.5, ಕಾರ್ಬನ್‌ಗೆ 7.1. ಅಲ್ಯೂಮಿನಿಯಂಗಿಂತ ಬಿದಿರೇ ಮೇಲೆ! ಹಾಗಿದ್ದೂ ಬಿದಿರು ದೋಟಿ ಸೋಲೋದು ಉದ್ದದಲ್ಲಿ. ಮಡಚೋಕೆ ಆಗೋದಿಲ್ಲ, ತೋಟದೊಳಗೆ ತಿರುಗಿಸೋಕೆ ಆಗೋದಿಲ್ಲ, ಗಳದಿಂದ ಗಳಕ್ಕೆ ಗುಣ ಬೇರೆ.

ಉದ್ದದ ಪೆಟ್ಟು ದೊಡ್ಡದು. ದೋಟಿ ಓರೆಯಾಗಿದ್ದಾಗ ತುದಿಯ ಭಾರಕ್ಕೆ ಆಗುವ ಬಾಗು ಉದ್ದದ ಮೂರನೇ ಘಾತ, ಸ್ವಂತ ತೂಕಕ್ಕೆ ಆಗೋದು ನಾಲ್ಕನೇ ಘಾತ. ಉದ್ದ ದುಪ್ಪಟ್ಟು ಆದರೆ ಬಾಗು 8 ಪಟ್ಟು, 16 ಪಟ್ಟು. ಬುಡದ ತುಂಡು ದಪ್ಪ ಇರಬೇಕಾದ್ದು ಇದಕ್ಕೆ. ಅದೂ ಕೈಮುಷ್ಟಿಗೆ ಸಿಗುವಷ್ಟೇ ದಪ್ಪ ಆಗಬಹುದು, ಹಾಗಾಗಿ ಒಂದು ಮಿತಿ ದಾಟಿದಮೇಲೆ ಉದ್ದ ಕೊಳ್ಳೋದು ದುಡ್ಡು ಹಾಳು.

ದೋಟಿ ನೆಟ್ಟಗೆ ಹಿಡಿಯೋದೇ ಅರ್ಧ ವಿದ್ಯೆ. 12 ಮೀಟರ್ ತುದಿಯಲ್ಲಿ 1 ಕೆ.ಜಿ. ಭಾರ ಇದ್ದು, 10 ಡಿಗ್ರಿ ಓರೆಯಾದರೆ ಬುಡದ ಕೈಗೆ ಬರುವ ತಿರುಗುಬಲ ಸುಮಾರು 21 ನ್ಯೂಟನ್ ಮೀಟರ್, ಪೂರ್ತಿ ಮಲಗಿಸಿದರೆ 120. ನೆಲದಿಂದ ಎತ್ತುವಾಗ ಎಲ್ಲ ತುಂಡುಗಳನ್ನ ಎಳೆದಿಟ್ಟುಕೊಂಡು ಎತ್ತಬೇಡಿ. ನೆಟ್ಟಗೆ ನಿಲ್ಲಿಸಿಕೊಂಡು ತೆಳು ತುಂಡಿನಿಂದ ಶುರು ಮಾಡಿ ಒಂದೊಂದಾಗಿ ಮೇಲೇರಿಸಿ, ಇಳಿಸುವಾಗ ದಪ್ಪ ತುಂಡಿನಿಂದ ಶುರು ಮಾಡಿ ಒಂದೊಂದಾಗಿ ಕೆಳಗೆ.

ಮುರಿಯೋದು ಜೋಡಣೆಯಲ್ಲಿ. ಒಂದು ತುಂಡು ಇನ್ನೊಂದರೊಳಗೆ ಎಷ್ಟು ಕೂತಿದೆ ಅನ್ನೋದರ ಮೇಲೆ ಅಂಚಿನ ಒತ್ತಡ ನಿಂತಿದೆ. 30 ಸೆಂ.ಮೀ. ಕೂತಿದ್ದರೆ ಇರುವ ಒತ್ತಡ, 15 ಸೆಂ.ಮೀ.ಗೆ ಎಳೆದರೆ ದುಪ್ಪಟ್ಟು. ಇನ್ನೊಂದು ಅರ್ಧ ಅಡಿ ಸಿಕ್ಕಿತಲ್ಲ ಅಂತ ಗುರುತು ದಾಟಿ ಎಳೆದವರ ದೋಟಿಯ ಬಾಯಿ ಸೀಳಿರುತ್ತೆ.

ಸಂಕದಾಚೆ

ಔಷಧಿ ಹೊಡೆಯುವವರಿಗೆ ಎರಡು ಮಾತು ಸೇರಿಸ್ತೀನಿ.

ಪೈಪಿನ ತೂಕ ಮರೆಯಬೇಡಿ. 8.5 ಮಿ.ಮೀ. ಒಳವ್ಯಾಸದ ಹೋಸ್ 15 ಮೀಟರ್ ಇದ್ದರೆ ಒಳಗಿನ ದ್ರಾವಣವೇ ಸುಮಾರು 850 ಗ್ರಾಂ, ಅದರ ಮೇಲೆ ಹೋಸಿನ ತೂಕ. ಅದನ್ನ ತುದಿಯಲ್ಲಿ ಮಾತ್ರ ಕಟ್ಟಿದರೆ ಅಷ್ಟೂ ಭಾರ ತುದಿಗೆ. ಪ್ರತಿ ತುಂಡಿಗೂ ಒಂದೊಂದು ಕಡೆ ಕಟ್ಟಿದರೆ ಹಂಚಿಹೋಗುತ್ತೆ.

ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಶೇ. 1ಕ್ಕೆ 100 ಲೀಟರ್ ನೀರು, 1 ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆ.ಜಿ. ಸುಣ್ಣ. ಸುಣ್ಣ ಕಡಿಮೆಯಾದರೆ ಹುಳಿ ಉಳಿಯುತ್ತೆ. ಹೊಳೆಯುವ ಕತ್ತಿಯನ್ನ ಒಂದು ನಿಮಿಷ ಅದ್ದಿ ತೆಗೆದಾಗ ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣದ ತಿಳಿ ಬೇಕು. ಎಲೆ, ಕಾಯಿಗೆ ಮಾತ್ರವಲ್ಲ, ದೋಟಿಯ ಅಲ್ಯೂಮಿನಿಯಂ ಕ್ಲಾಂಪಿಗೂ ಸುಣ್ಣಕ್ಕೆ ಸೇರದೆ ಉಳಿದ ತಾಮ್ರ ಶತ್ರು. ಕಾರ್ಬನ್‌ಗೆ ತಾಗಿಕೊಂಡ ಅಲ್ಯೂಮಿನಿಯಂ ಒದ್ದೆಯಲ್ಲಿ ಮೊದಲೇ ಬೇಗ ತಿನ್ನಿಸಿಕೊಳ್ಳುತ್ತೆ. ಸಂಜೆ ಶುದ್ಧ ನೀರಿನಲ್ಲಿ ತೊಳೆದು, ಎಲ್ಲ ತುಂಡು ಬಿಚ್ಚಿ ಒಣಗಿಸಿ.

ಕೊನೆಯದಾಗಿ, ಕಾರ್ಬನ್ ವಿದ್ಯುತ್ ಹರಿಸುತ್ತೆ. ಒಣ ಬಿದಿರಿನ ಅಭ್ಯಾಸದಲ್ಲಿ ತಂತಿ ಹತ್ತಿರ ಹೋಗಬೇಡಿ. ಒದ್ದೆ ಬಿದಿರೂ ನಂಬಿಕೆಗೆ ಅರ್ಹ ಅಲ್ಲ. ಲೈನ್ ಇರುವ ಕಡೆ, ದೋಟಿ ಪೂರ್ತಿ ಉದ್ದಕ್ಕೆ ಬಿದ್ದರೂ ತಂತಿ ಮುಟ್ಟದಷ್ಟು ದೂರ ಬಿಡಿ. ಆ ಸಾಲಿನ ಮರಗಳನ್ನ ಲೈನ್ ಆಫ್ ಮಾಡಿಸಿಯೇ ಮಾಡಬೇಕು.

ಏಣಿಮನೆ

ಮರ ಹತ್ತುವ ಯಂತ್ರದ ಬಗ್ಗೆ ಯಾರೂ ಹೇಳಲಿಲ್ಲ. ಯಂತ್ರದ ಚೌಕಟ್ಟು ಉದ್ದ ಇದ್ದಷ್ಟೂ ಭದ್ರ ಅಲ್ದಾ? ಮರಕುಟಿಗ ಬಾಲ ಊರಿಕೊಂಡು ನಿಲ್ಲೋದೂ ಅದಕ್ಕೇ ತಾನೆ?

ಭದ್ರಾ ವರ್ಕ್‌ಶಾಪ್

ಹೋಲುತ್ತೆ, ಆದರೆ ಎರಡರ ಅಗತ್ಯ ವಿರುದ್ಧ ದಿಕ್ಕಿನದು. ಇದನ್ನ ಬಿಡಿಸಿ ಹೇಳಲೇಬೇಕು.

ಮರಕುಟಿಗ ಮೇಲೆ ಉಗುರು ಸಿಕ್ಕಿಸುತ್ತೆ, ಕೆಳಗೆ ಗಡಸು ಬಾಲ ಊರುತ್ತೆ. ಉಗುರು ಕೊಕ್ಕೆ. ಅದಕ್ಕೆ ಬೇಕಾದ್ದು ಆದಷ್ಟು ಕಡಿಮೆ ಎಳೆತ. ಉಗುರಿಗೂ ಬಾಲಕ್ಕೂ ನಡುವಿನ ಅಂತರ ಹೆಚ್ಚಿದಷ್ಟೂ ಎಳೆತ ಇಳಿಯುತ್ತೆ. ಅದಕ್ಕೆ ಉದ್ದವೇ ಒಳ್ಳೆಯದು.

ಯಂತ್ರ ಹಿಡಿಯೋದು ಉಜ್ಜುವಿಕೆಯಿಂದ, ಅಂದ್ರೆ ಘರ್ಷಣೆಯಿಂದ. 70 ಕೆ.ಜಿ. ಆಳು, ಅಂದ್ರೆ ಸುಮಾರು 700 ನ್ಯೂಟನ್, ಕಾಂಡದ ನಡುವಿನಿಂದ 30 ಸೆಂ.ಮೀ. ಹೊರಗೆ ಕೂತ ಅಂದುಕೊಳ್ಳಿ. ಮೇಲಿನ ಮತ್ತು ಕೆಳಗಿನ ರಬ್ಬರ್ ಹಿಡಿತಗಳ ನಡುವೆ 40 ಸೆಂ.ಮೀ. ಅಂತರ ಇದ್ದರೆ ಪ್ರತಿ ಹಿಡಿತವೂ ಕಾಂಡವನ್ನ 525 ನ್ಯೂಟನ್‌ನಲ್ಲಿ ಒತ್ತುತ್ತೆ. ಜಾರದೆ ನಿಲ್ಲಬೇಕಾದರೆ ಘರ್ಷಣಾಂಕ (ಒತ್ತುವ ಬಲದ ಎಷ್ಟು ಪಾಲು ಜಾರದ ಹಾಗೆ ಹಿಡಿಯುತ್ತೆ ಅನ್ನುವ ಅಳತೆ) 0.67 ಬೇಕು. ಒಣ ಕಾಂಡದ ಮೇಲೆ ಒಳ್ಳೆ ರಬ್ಬರ್ ಅಷ್ಟು ಕೊಟ್ಟೀತು, ಪಾಚಿ ಕಟ್ಟಿದ ಒದ್ದೆ ಕಾಂಡ ಖಂಡಿತ ಕೊಡೋದಿಲ್ಲ. ಅಂತರವನ್ನ 20 ಸೆಂ.ಮೀ.ಗೆ ಇಳಿಸಿ: ಒತ್ತಡ 1050 ನ್ಯೂಟನ್, ಬೇಕಾದ ಘರ್ಷಣಾಂಕ 0.33. ಚೌಕಟ್ಟು ಗಿಡ್ಡ ಆದಷ್ಟೂ, ಆಳು ಹೊರಗೆ ಕೂತಷ್ಟೂ ಹಿಡಿತ ಬಿಗಿ. ಭಯಕ್ಕೆ ಮರವನ್ನ ತಬ್ಬಿಕೊಂಡಾಗಲೇ ಯಂತ್ರ ಜಾರೋದು, ಭಾರ ಕಾಂಡದ ಹತ್ತಿರ ಬಂದು ಒತ್ತಡ ಇಳಿದಿರುತ್ತೆ.

ಈ ಒತ್ತಡ ಪುಕ್ಕಟೆ ಅಲ್ಲ. ಬೇರುಮೂಲ ಹೇಳಿದ ಆ ಹೊರಪದರದ ಮೇಲೇ ಬೀಳೋದು. ರಬ್ಬರ್ ಪಟ್ಟಿ ಅಗಲ ಇರಲಿ, ಸವೆದು ಕಬ್ಬಿಣ ತಾಗೋ ಮೊದಲೇ ಬದಲಾಯಿಸಿ. ಬಿಸಿಲಿಗೆ ಸೀಳಿದ ಮರಕ್ಕೆ ಯಂತ್ರವೂ ಬೇಡ, ಆಳೂ ಬೇಡ. ಸೊರಬ ಆಗಲಿ ಹೊಸನಗರ ಆಗಲಿ, ಮಳೆ ಶುರುವಾದಮೇಲೆ ಯಂತ್ರ ಹತ್ತುವವರು ಸೊಂಟಕ್ಕೆ ಬೇರೆ ಹಗ್ಗ ಕಟ್ಟಿಕೊಳ್ಳದೆ ಹತ್ತಬಾರದು.

ಹಾಳೆಟೊಪ್ಪಿ

ಅಡಿಕೆ ಒಣಗಿಸುವ ಶೆಡ್ಡಿನ ಸಿ ಚಾನೆಲ್ ಪರ್ಲಿನ್‌ಗಳು (ಚಾವಣಿ ಶೀಟು ಹೊರುವ ಸಿ ಆಕಾರದ ಉಕ್ಕಿನ ಅಡ್ಡಪಟ್ಟಿಗಳು) ತಿರುಚಿಕೊಂಡಿವೆ. ಬಾಗಿಲ್ಲ, ತಿರುಚಿವೆ. ದಪ್ಪ ಸಾಲದಾ?

ಗರಗಸ

ದಪ್ಪದ ಪ್ರಶ್ನೆ ಅಲ್ಲ, ಆಕಾರದ್ದು. ಬಾಯಿ ತೆರೆದ ಆಕಾರ ಬಾಗೋದಕ್ಕೆ ಪೆಡಸು, ತಿರುಚೋದಕ್ಕೆ ಬಹಳ ಮೆದು. ಬಾಳೆ ಎಲೆಯ ದಂಟು ನೋಡಿ, ಮೇಲೆ ಬಾಯಿ ತೆರೆದ ದೋಣಿಯ ಆಕಾರ. ಎಲೆಯ ಭಾರ ಹೊರುತ್ತೆ, ಗಾಳಿ ಬಂದಾಗ ತಿರುಚಿ ಎಲೆಯನ್ನ ಗಾಳಿಯ ದಿಕ್ಕಿಗೆ ಮಲಗಿಸುತ್ತೆ. ಬಾಳೆಗೆ ಅದು ಬೇಕಾದ ಗುಣ, ನಿಮ್ಮ ಮಾಡಿಗೆ (ಚಾವಣಿಗೆ) ಬೇಡದ ಗುಣ.

ಚಾನೆಲ್‌ನಲ್ಲಿ ಭಾರ ತಿರುಚದೆ ಕೂರಬೇಕಾದ ಗೆರೆ ಬೆನ್ನಿನ (ಸಿಯ ನೆಟ್ಟನೆ ಭಾಗದ) ಹೊರಗಡೆ ಇರುತ್ತೆ. ನೀವು ಶೀಟಿನ ಭಾರ ಕೊಡೋದು ಮೇಲಿನ ತುಟಿಯ (ಸಿಯ ಮೇಲಿನ ಅಡ್ಡ ಭಾಗದ) ಮೇಲೆ, ಹಾಗಾಗಿ ಪ್ರತಿ ಪರ್ಲಿನ್‌ಗೂ ತಿರುಚುಬಲ ತಪ್ಪಿದ್ದಲ್ಲ. ಮಾಡಿನ ಇಳಿಜಾರಿನಲ್ಲಿ ಬಾಯಿ ಮೇಲ್ಮುಖವಾಗಿ, ಅಂದ್ರೆ ಮೊಗಡಿನ (ಮಾಡಿನ ನೆತ್ತಿಯ) ಕಡೆಗೆ ಇದೆಯಾ ನೋಡಿ. ಹಾಗಿದ್ದರೆ ಇಳಿಜಾರಿನ ಎಳೆತ ತಿರುಚುವಿಕೆಯನ್ನ ಸ್ವಲ್ಪ ಕಳೆಯುತ್ತೆ. ಎರಡು ಟ್ರಸ್‌ಗಳ (ಪರ್ಲಿನ್ ಹೊರುವ ಚೌಕಟ್ಟುಗಳ) ನಡುವಿನ ಮಧ್ಯದಲ್ಲಿ ಪರ್ಲಿನ್‌ನಿಂದ ಪರ್ಲಿನ್‌ಗೆ ಸ್ಯಾಗ್ ರಾಡ್ (ಜೋಡಿಸಿ ಹಿಡಿಯುವ ಸರಳು) ಹಾಕಿಸಿ, ಎರಡೂ ಕಡೆ ನಟ್ ಬಿಗಿ ಮಾಡಿಸಿ. ಹೊಸದಾಗಿ ಮಾಡಿಸುವವರು ಚೌಕ ಪೈಪನ್ನೇ ಹಾಕಿಸಿ, ತಿರುಚೋ ಮಾತೇ ಇಲ್ಲ. ಆದರೆ ಬಾಯಿ ಮುಚ್ಚದ ಪೈಪಿನೊಳಗೆ ನೀರು ನಿಂತು ಒಳಗಿಂದಲೇ ತುಕ್ಕು ಬರುತ್ತೆ, ತುದಿಗೆ ತಗಡು ಬೆಸುಗೆ ಹಾಕಿಸೋದು ಕಡ್ಡಾಯ.

ಏಣಿಮನೆ

ಹಳೇ ಕಾರ್ಬನ್ ದೋಟಿ ಕೊಳ್ಳುವಾಗ ಒಳಗೆ ಬಿರುಕು ಇದೆಯಾ ಅಂತ ನೋಡೋದು ಹೇಗೆ? ಹೊರಗೆ ಬಣ್ಣ ಹೊಡೆದಿರ್ತಾರೆ.

ಸಂಕದಾಚೆ

ಐದು ರೂಪಾಯಿ ನಾಣ್ಯದಲ್ಲಿ ಬುಡದಿಂದ ತುದಿವರೆಗೆ ಅಂಗುಲ ಅಂಗುಲ ತಟ್ಟಿ. ಸರಿ ಇರುವ ಕಡೆ ಟಣ್ ಅನ್ನುವ ಚುರುಕು ಸದ್ದು, ಪದರ ಬಿಟ್ಟ ಕಡೆ ಮಂಕು ಸದ್ದು. ಜೋಡಣೆಯ ಬಾಯಿಂದ ಒಂದು ಗೇಣು ಎರಡೂ ಕಡೆ ಹೆಚ್ಚು ಗಮನ. ತುಂಡನ್ನ ಎರಡು ಕುರ್ಚಿಗಳ ಮೇಲೆ ಇಟ್ಟು, ನಡುವೆ ಕೈಯಲ್ಲಿ ಒತ್ತಿ, ಕಾಲು ಸುತ್ತು ತಿರುಗಿಸಿ ಮತ್ತೆ ಒತ್ತಿ. ಒಂದು ದಿಕ್ಕಿಗೆ ಹೆಚ್ಚು ಬಾಗಿದರೆ ಆ ಮಗ್ಗುಲಲ್ಲಿ ನಾರು ಹೋಗಿದೆ, ಬಿಟ್ಟುಬಿಡಿ. ಬಿದಿರಿಗೂ ತಟ್ಟಿ ನೋಡೋದೇ ಪರೀಕ್ಷೆ: ಕುಟ್ಟೆ (ಕೊರೆಯುವ ಹುಳ) ಹಿಡಿದ ಗಳ ಮಂಕಾಗಿ ಕೇಳುತ್ತೆ, ಹಿಟ್ಟು ಉದುರುತ್ತೆ. 3-4 ವರ್ಷ ಬಲಿತ ಗಳವನ್ನ ಮಳೆ ಕಳೆದಮೇಲೆ ಕಡಿದು, ಕೆಲವು ವಾರ ಹರಿಯುವ ನೀರಿನಲ್ಲಿ ಹಾಕಿಟ್ಟು ನೆರಳಲ್ಲಿ ಒಣಗಿಸಿದ್ದರೆ ಆ ಕಾಟ ಕಡಿಮೆ.